ಟೋಪಿ ಹಾಕಿಸಿಕೊಂಡವರ ಹಾಡು

ಕಾಚಿಗುಡದ ನಮ್ಮ ಮನೆಯ ಮುಂದೆ ಬೆಳಿಗ್ಗೆ ಏಳಕ್ಕೆ ತರಕಾರಿ ಗಾಡಿ ಬರುತ್ತದೆ. ಅವ್ವ ಬಾಗಿಲಲ್ಲಿ ನಿಂತು ಬದನೆಕಾಯಿಯ ರೇಟು ಕೇಳುವುದು ದಖನಿಯಲ್ಲಿ. ಅದೇ ರೇಟನ್ನು ಎದುರುಮನೆಯಾಕೆಗೆ ದಾಟಿಸುವುದು ತೆಲುಗಿನಲ್ಲಿ. ಒಳಗೆ ಬಂದು ಚಿಲ್ಲರೆ ಎಣಿಸುವುದು ಮಾತ್ರ ಕಲಬುರಗಿ ಕನ್ನಡದಲ್ಲಿ. ಒಂದು ದಿನ ಅರ್ಧ ಕಿಲೋ ಬೆಂಡೆಕಾಯಿಯಲ್ಲಿ ತೂಕ ಕಡಿಮೆ ಅನ್ನಿಸಿ, "ನಮಗ ಟೋಪಿ ಹಾಕ್ಯಾನ ನೋಡು" ಎಂದು ನನ್ನ ಕಡೆ ತಿರುಗಿ ಹೇಳಿದಳು. ಗಾಡಿಯವನಿಗೆ ಕನ್ನಡ ಬಾರದು. ಆದರೂ ಟೋಪಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವನ ಮುಖ ಸಣ್ಣದಾಯಿತು. "ಟೋಪಿ ನಕ್ಕೊ ಬೋಲೋ ಅಮ್ಮಾ" ಎಂದು ಇನ್ನೂ ನಾಲ್ಕು ಬೆಂಡೆಕಾಯಿ ಚೀಲಕ್ಕೆ ಹಾಕಿ ಹೋದ.

ಅವತ್ತು ಸಂಜೆ ನಾನು 'ಟೋಪಿವಾಲೆ' ಆಲ್ಬಮ್ಮನ್ನು ಮತ್ತೆ ಹಚ್ಚಿದೆ. ಮೈಸೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಸ್ವರಾತ್ಮ ಬ್ಯಾಂಡು 2012ರಲ್ಲಿ ಹೊರತಂದ ಎರಡನೆಯ ಆಲ್ಬಮ್ ಅದು. ಬಂದ ಹೊಸದರಲ್ಲಿ ನಾನದನ್ನು ಒಮ್ಮೆ ಕೇಳಿ ಎತ್ತಿಟ್ಟಿದ್ದೆ. ಹೈದರಾಬಾದಿನಲ್ಲಿ ನಾವು ಐದಾರು ಜನ ಕನ್ನಡದ ಗೆಳೆಯರು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ, ಫೋನು ಬದಿಗಿಟ್ಟು, ಒಂದು ಆಲ್ಬಮ್ಮನ್ನು ಮೊದಲ ಹಾಡಿನಿಂದ ಕೊನೆಯವರೆಗೆ ಪೂರ್ತಿ ಕೇಳುತ್ತೇವೆ. ಆ ಗುಂಪಿನಲ್ಲೂ ಸ್ವರಾತ್ಮದ ಹೆಸರೆತ್ತಿದರೆ ಎಲ್ಲರ ಬಾಯಲ್ಲೂ ಬರುತ್ತಿದ್ದುದು 2009ರ ಮೊದಲ ಆಲ್ಬಮ್ಮು. ಎರಡನೆಯದನ್ನು ಯಾರೂ ಸರಿಯಾಗಿ ಕೇಳಿರಲಿಲ್ಲ. ಕೇಳಿದವರೂ "ಹಿಂದಿ ಜಾಸ್ತಿ ಆಯ್ತು" ಎಂದು ಮುಗಿಸಿದ್ದರು. ಈಗ ನಮ್ಮ ಗುಂಪು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದೆ. ಯಾಕೆಂದು ಹೇಳಬೇಕಾದರೆ ಒಂದು ಆಲ್ಬಮ್ಮಿನ ವಿಚಾರ ಮಾತ್ರ ಹೇಳಿದರೆ ಸಾಲದು. ಕನ್ನಡನಾಡಿನ ಜನಪದ ರಾಕ್ ಎಂಬ ಇಡೀ ಪಂಥವನ್ನೇ ನಾವು ಯಾವ ಕಿವಿಯಿಂದ ಕೇಳಿದೆವು ಎಂಬುದನ್ನು ನೋಡಬೇಕಾಗುತ್ತದೆ.

ಬೆಂಗಳೂರಿನಲ್ಲಿ ಬಹುಕಾಲ ರಾಕ್ ಎಂದರೆ ಇಂಗ್ಲಿಷ್ ಎಂದೇ ಅರ್ಥವಿತ್ತು. 1970ರ ದಶಕದ ಹ್ಯೂಮನ್ ಬಾಂಡೇಜ್‌ನಿಂದ ಹಿಡಿದು 1996ರಲ್ಲಿ ಶುರುವಾಗಿ ಇವತ್ತಿಗೂ ನಡೆಯುತ್ತಿರುವ ಥರ್ಮಲ್ ಅಂಡ್ ಎ ಕ್ವಾರ್ಟರ್‌ವರೆಗೆ ಆ ಊರಿನ ಗಟ್ಟಿ ಬ್ಯಾಂಡುಗಳು ಬರೆದದ್ದು, ಹಾಡಿದ್ದು ಇಂಗ್ಲಿಷಿನಲ್ಲೇ. ಇನ್ನೊಂದು ಕಡೆ ಕನ್ನಡದ ಮನೆಗಳಲ್ಲಿ ಸುಗಮ ಸಂಗೀತದ ಕ್ಯಾಸೆಟ್ಟುಗಳಿದ್ದವು. ಕಾಳಿಂಗರಾಯರು ಹಾಕಿದ ದಾರಿಯಲ್ಲಿ ಮೈಸೂರು ಅನಂತಸ್ವಾಮಿ 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ 'ನಿತ್ಯೋತ್ಸವ' ತಂದರು. ಸಿ. ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ಶಿಶುನಾಳ ಷರೀಫರನ್ನು ಮನೆಮನೆಗೆ ಮುಟ್ಟಿಸಿದರು. ಈ ಎರಡು ಲೋಕಗಳು ಒಂದೇ ಮೈದಾನದಲ್ಲಿ ನಿಂತರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. 2005ರಲ್ಲಿ ಅಶ್ವತ್ಥರ 'ಕನ್ನಡವೇ ಸತ್ಯ' ನಡೆದದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ. ಎರಡು ವರ್ಷ ಕಳೆದು, 2007ರ ಮಾರ್ಚಿನಲ್ಲಿ, ಐರನ್ ಮೇಡನ್ ಬಂದು ಕೂಗೆಬ್ಬಿಸಿದ್ದೂ ಅದೇ ಅರಮನೆ ಮೈದಾನದಲ್ಲಿ. ಎರಡೂ ದಿನ ಅಲ್ಲಿದ್ದವರು ಎಷ್ಟು ಜನರೋ! ಇದ್ದವರಲ್ಲಿ ಕೆಲವರಾದರೂ ಮುಂದೆ ಗಿಟಾರು ಹಿಡಿದಿರಬೇಕು ಎಂದು ನಾನು ನಂಬುತ್ತೇನೆ.

ಈ ಎರಡರ ನಡುವೆ ಸೇತುವೆ ಕಟ್ಟಿದ್ದು ಮೈಸೂರಿನ ಹುಡುಗರು. ರಘು ದೀಕ್ಷಿತ್ ಮೊದಲು 'ಅಂತರಾಗ್ನಿ' ಎಂಬ ತಂಡ ಕಟ್ಟಿ, ಆಮೇಲೆ ರಘು ದೀಕ್ಷಿತ್ ಪ್ರಾಜೆಕ್ಟ್ ಆಗಿ, 2008ರಲ್ಲಿ ಮೊದಲ ಆಲ್ಬಮ್ ತಂದರು. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಷರೀಫರ ಎರಡು ಪದಗಳಿದ್ದವು: ಗುಡಗುಡಿಯದು ಒಂದು, ಸೋರುವ ಮಾಳಿಗೆಯದು ಇನ್ನೊಂದು. ಲಂಡನ್ನಿನ ಟೀವಿಯವರೆಗೆ, 2011ರ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿಯವರೆಗೆ ಅವರ ಪಯಣ ಹೋಯಿತು. ಅವರ ತಮ್ಮ ವಾಸು ದೀಕ್ಷಿತ್, ಗೆಳೆಯ ಪವನ್ ಕುಮಾರ್ ಮೊದಲಾದವರೊಂದಿಗೆ 2002ರಲ್ಲಿ ಮೈಸೂರಿನಲ್ಲಿ ಶುರುಮಾಡಿದ್ದು ಸ್ವರಾತ್ಮ. ಆಮೇಲೆ ಬಾಸ್ ಗಿಟಾರಿಗೆ ಜಿಷ್ಣು ದಾಸಗುಪ್ತ, ಗಿಟಾರಿಗೆ ವರುಣ್ ಮುರಳಿ, ಪಿಟೀಲಿಗೆ ಸಂಜೀವ್ ನಾಯಕ್, ಡ್ರಮ್ಸಿಗೆ ಮಾಂಟ್ರಿ ಮ್ಯಾನ್ಯುಯೆಲ್ ಸೇರಿ ಆರು ಜನರ ತಂಡ ಗಟ್ಟಿಯಾಯಿತು. ಇದೇ ಹೊತ್ತಿಗೆ ಕರ್ನಾಟಕ ಸಂಗೀತವನ್ನು ರಾಕಿಗೆ ಬೆಸೆದ ಅಗಮ್, ಕನ್ನಡದಲ್ಲೂ ಹಾಡಿದ ಲಗೋರಿ ಮೊದಲಾದ ತಂಡಗಳೂ ಬೆಂಗಳೂರಿನಲ್ಲಿ ಬೆಳೆದವು. ಇವನ್ನೆಲ್ಲ ಒಟ್ಟಿಗೆ ನಾನು ಪಂಥ ಎನ್ನುತ್ತಿದ್ದೇನೆ. ಅವರು ಯಾರೂ ಹಾಗೆಂದು ಕರೆದುಕೊಂಡವರಲ್ಲ.

ಈ ಪಂಥದ ಬಗ್ಗೆ ಕನ್ನಡಿಗರು ಮೆಚ್ಚಿ ಆಡುವ ಮಾತು ಒಂದೇ: ಹಳೆಯ ಪದಕ್ಕೆ ಹೊಸ ಉಡುಪು ತೊಡಿಸಿದರು. ಷರೀಫರಿಗೆ ಗಿಟಾರು, ದಾಸರಿಗೆ ಡ್ರಮ್ಸು. ಕಾಲೇಜಿನ ಹುಡುಗರು ತತ್ವಪದಕ್ಕೆ ಕುಣಿದರಲ್ಲ ಎಂಬ ಸಂತೋಷ ಎಲ್ಲರಿಗೂ. ಆ ಸಂತೋಷ ನನಗೂ ಇದೆ. ಕೋಡಗವನ್ನು ಕೋಳಿ ನುಂಗುವ ಆ ಬೆಡಗಿನ ಪದಕ್ಕೆ ಎದ್ದು ಕುಣಿಯದೆ ಕೂತಿರುವವರು ಯಾರಿದ್ದಾರೆ! ಆದರೆ ಈ ಮೆಚ್ಚುಗೆಯೇ ನಮ್ಮನ್ನು ದಾರಿ ತಪ್ಪಿಸಿತು ಎಂಬುದು ನನ್ನ ಈಗಿನ ಅಭಿಪ್ರಾಯ.

ಷರೀಫರನ್ನೇ ನೋಡಿ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಅವರು ತಮ್ಮ ಕಾಲದಲ್ಲಿ ಹಾಡಿದ್ದು ಯಾವುದನ್ನು? ಕಣ್ಣೆದುರು ಹೊಸದಾಗಿ ಬಂದು ನಿಂತ ಗಿರಣಿಯನ್ನು. ಕೈಯಲ್ಲಿದ್ದ ಗುಡಗುಡಿಯನ್ನು. ಮಳೆಗಾಲದಲ್ಲಿ ಸೋರುತ್ತಿದ್ದ ಮಾಳಿಗೆಯನ್ನು. ಕಳಸದ ಗೋವಿಂದಭಟ್ಟರ ಶಿಷ್ಯನಾಗಿ, ಇಮಾಮ ಸಾಹೇಬರ ಮಗನಾಗಿ, ಮೊಹರಮ್ಮಿಗೆ ರಿವಾಯತ ಪದಗಳನ್ನು ಕನ್ನಡದಲ್ಲಿ ಕಟ್ಟಿಕೊಟ್ಟರು. ಬಾಯಿಗೆ ಬಂದ ಹಿಂದುಸ್ತಾನಿ ಮಾತನ್ನು ತಡೆಯದೆ ಪದದೊಳಗೆ ಬಿಟ್ಟುಕೊಂಡರು. ತಂಬೂರಿ, ತಾಳ, ದಮ್ಮಡಿ ಹಿಡಿದು ಒಬ್ಬ ಎತ್ತಿಕೊಡುವುದು, ಹತ್ತು ಜನ ಹಿಂದಿನಿಂದ ಹೊಡೆಯುವುದು, ಪಲ್ಲವಿಗೆ ಮತ್ತೆ ಮತ್ತೆ ಬಂದು ಬೀಳುವುದು, ಇದು ನಮ್ಮ ಸೀಮೆಯ ಭಜನೆಯ ರೀತಿ. ಹಾಗಾದರೆ ಷರೀಫರ ಮಾತನ್ನೇ ಗಿಟಾರಿಗೆ ಹಚ್ಚುವವರು ಅವರ ವಾರಸುದಾರರೋ, ಷರೀಫರು ಮಾಡಿದ ಕೆಲಸವನ್ನೇ ತಮ್ಮ ಕಾಲದಲ್ಲಿ ಮಾಡುವವರು ವಾರಸುದಾರರೋ? ಮೊದಲನೆಯದಕ್ಕೆ ಒಳ್ಳೆಯ ಕಂಠ, ಒಳ್ಳೆಯ ಜೋಡಣೆ ಇದ್ದರೆ ಆಯಿತು. ಎರಡನೆಯದಕ್ಕೆ ಇವತ್ತಿನ ಗಿರಣಿ ಯಾವುದು, ಇವತ್ತು ಸೋರುತ್ತಿರುವ ಮಾಳಿಗೆ ಯಾವುದು ಎಂದು ಹುಡುಕಿ, ಹೊಸ ಮಾತು ಕಟ್ಟಬೇಕು. ಸ್ವರಾತ್ಮ ಈ ಎರಡನೆಯ ಕೆಲಸಕ್ಕೆ ಕೈಹಾಕಿತು. ನಾವು ಮೊದಲನೆಯದರ ಮಾನದಂಡ ಹಿಡಿದು ಅದನ್ನು ಅಳೆದೆವು.

ಮೊದಲ ಆಲ್ಬಮ್ಮಿನಲ್ಲೇ ಇದಕ್ಕೆ ಪುರಾವೆ ಇದೆ. 2006ರಲ್ಲಿ ರೇಡಿಯೋ ಸಿಟಿಯ ಸ್ಪರ್ಧೆ ಗೆದ್ದ ಮೇಲೆ, 2009ರಲ್ಲಿ ಇಎಮ್‌ಐನ ವರ್ಜಿನ್ ಲೇಬಲ್ಲಿನಿಂದ ಬಂದ ಆಲ್ಬಮ್ಮದು. ಹೆಸರೂ 'ಸ್ವರಾತ್ಮ' ಎಂದೇ. ಅದರ 'ಪ್ಯಾಸಿ' ಹಾಡಿನಲ್ಲಿ ಮಾತನಾಡುವವಳು ಕಾವೇರಿ. ಎರಡು ರಾಜ್ಯಗಳು ನೀರಿಗಾಗಿ ಕಚ್ಚಾಡುತ್ತಿರುವಾಗ ನದಿಗೇ ಬಾಯಾರಿದೆ ಎಂಬುದು ಹಾಡಿನ ನೆಲೆ. ನ್ಯಾಯಮಂಡಳಿಯ ಅಂತಿಮ ಐತೀರ್ಪು 2007ರ ಫೆಬ್ರವರಿಯಲ್ಲಿ ಬಂದಿತ್ತು: ತಮಿಳುನಾಡಿಗೆ 419 ಟಿಎಂಸಿ, ಕರ್ನಾಟಕಕ್ಕೆ 270. ಮೈಸೂರಿನ ಹುಡುಗರು ಆ ಹೊತ್ತಿನಲ್ಲಿ 'ನಮ್ಮ ಕಾವೇರಿ' ಎಂದು ಎದೆ ತಟ್ಟಿಕೊಳ್ಳುವ ಹಾಡು ಬರೆದಿದ್ದರೆ ಊರೆಲ್ಲ ಹೊತ್ತು ಮೆರೆಸುತ್ತಿತ್ತು. ಅವರು ನದಿಯ ಗಂಟಲಲ್ಲಿ ಕೂತರು. ದೆಹಲಿಯ ಇಂಡಿಯನ್ ಓಷನ್ 2000ರ 'ಕಂದೀಸಾ'ದಲ್ಲಿ 'ಮಾ ರೇವಾ' ಎಂದು ನರ್ಮದೆಯನ್ನು ಕೊಂಡಾಡಿದ್ದನ್ನು ಇದರ ಪಕ್ಕದಲ್ಲಿಟ್ಟು ಕೇಳಬೇಕು. ಅಲ್ಲಿ ಭಕ್ತ ನದಿಯನ್ನು ಕರೆಯುತ್ತಾನೆ, ಇಲ್ಲಿ ನದಿಯೇ ಮಕ್ಕಳನ್ನು ಕೇಳುತ್ತಾಳೆ. ನನಗೆ ಎರಡನೆಯದು ಹೆಚ್ಚು ಕಾಡುತ್ತದೆ. ಹೈದರಾಬಾದಿನಲ್ಲಿ ಕೂತು ಕೇಳುವವರಿಗೆ ಕಾವೇರಿಯ ಜಾಗದಲ್ಲಿ ಕೃಷ್ಣೆ ಬಂದು ನಿಲ್ಲುತ್ತಾಳೆ. ಆಲಮಟ್ಟಿಯ ಎತ್ತರ 524.256 ಮೀಟರ್ ಆಗಲಿ ಎಂದು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿದ ಮೇಲೆ ಇಲ್ಲಿಯ ತೆಲುಗು ಗೆಳೆಯರೊಡನೆ ಚಹಾ ಕುಡಿಯುವಾಗ ನಾನೆಷ್ಟೋ ಸಲ ಮಾತು ಬದಲಿಸಿದ್ದೇನೆ. 'ಪ್ಯಾಸಿ' ಕೇಳಿಸಿದರೆ ಮಾತು ಬದಲಿಸಬೇಕಾಗಿ ಬರುವುದಿಲ್ಲ.

ಅದೇ ಆಲ್ಬಮ್ಮಿನಲ್ಲಿ 'ಈ ಭೂಮಿ' ಕನ್ನಡದ್ದು. ಯೇಸು, ಅಲ್ಲಾ, ಕೃಷ್ಣರನ್ನು ಹೆಸರಿನಲ್ಲೇ ಒಟ್ಟಿಗೆ ಕೂರಿಸಿದ ಹಾಡು ಹಿಂದಿಯದು. ಜನಕ್ಕೆ ಹಿಡಿಸಿದ್ದು ಈ ಹಾಡುಗಳು. ಬ್ರಿಟಿಷ್ ಕೌನ್ಸಿಲ್ ಸೌಂಡ್‌ಪ್ಯಾಡ್ ಎಂಬ ಯೋಜನೆಯಲ್ಲಿ ಭಾರತದ ನಾಲ್ಕು ಬ್ಯಾಂಡುಗಳನ್ನು ಆರಿಸಿದಾಗ ಸ್ವರಾತ್ಮ ಅದರಲ್ಲೊಂದು. ಸ್ಟೋನ್ ರೋಸಸ್, ರೇಡಿಯೋಹೆಡ್ ಮೊದಲಾದವರ ಜೊತೆ ಕೆಲಸ ಮಾಡಿದ ಜಾನ್ ಲೆಕ್ಕಿ ಅವರ ಧ್ವನಿಮುದ್ರಣಕ್ಕೆ ಕೂತರು. ಆ ಕಾಲದ ಅವರ ಕಛೇರಿ ಕಂಡವರು ಮರೆಯದ ಒಂದು ದೃಶ್ಯವಿದೆ. ವಾಸು ದೀಕ್ಷಿತ್ ಸೊಂಟಕ್ಕೆ ಬಣ್ಣದ ಕುದುರೆ ಕಟ್ಟಿಕೊಂಡು ವೇದಿಕೆಗೆ ಬರುವುದು. ಬೆಂಗಳೂರಿನ ಹೊರಗಿನವರಿಗೆ ಅದು ತಮಾಷೆಯ ವೇಷ. ನಮ್ಮ ಜಾತ್ರೆಗಳಲ್ಲಿ ಕೀಲುಕುದುರೆ ಕಂಡವರಿಗೆ ಅದು ಗುರುತು. ಕುದುರೆಯ ಜಾಲರಿನ ಅಂಚಿಗೆ ಕುಣಿಯುವವನ ಕಾಲು ಮರೆಯಾಗುತ್ತದೆ, ಮೇಲೆ ರಾಜ, ಕೆಳಗೆ ಬೆವರುವ ಬಡವ. ಗಿಟಾರು ಹಿಡಿದ ಕೀಲುಕುದುರೆ ರಾಕ್ ವೇದಿಕೆಯ ಮೇಲೆ ಬಂದು ನಿಂತಾಗ, ಹಾಡು ಶುರುವಾಗುವ ಮೊದಲೇ ತಾವು ಯಾವ ಊರಿನವರು ಎಂದು ಆ ಹುಡುಗರು ಹೇಳಿಯಾಗಿರುತ್ತಿತ್ತು.

ಇಂಥವರ ಎರಡನೆಯ ಆಲ್ಬಮ್ಮು ಯಾಕೆ ಜಾರಿಹೋಯಿತು? ಒಂದು ಕಾರಣ ಬರೀ ಕಾಲದ್ದು. 2012 ಎಂದರೆ ಸಿಡಿ ಅಂಗಡಿಗಳು ಬಾಗಿಲು ಹಾಕುತ್ತಿದ್ದ ವರ್ಷ. ಹಾಡುಗಳನ್ನು ಇಳಿಸಿಕೊಳ್ಳಲು ಫ್ಲಿಪ್‌ಕಾರ್ಟ್ ತೆರೆದ ಫ್ಲೈಟ್ ಅಂಗಡಿ 2012ರ ಫೆಬ್ರವರಿಯಲ್ಲಿ ಶುರುವಾಗಿ 2013ರ ಜೂನಿಗೆ ಮುಚ್ಚಿಹೋಯಿತು. ಐಟ್ಯೂನ್ಸ್ ಭಾರತಕ್ಕೆ ಬಂದದ್ದು 2012ರ ಡಿಸೆಂಬರಿನಲ್ಲಿ, ಸ್ಪಾಟಿಫೈ ಬಂದದ್ದು 2019ರಲ್ಲಿ. ಸ್ವರಾತ್ಮದ ಮೊದಲ ಆಲ್ಬಮ್ ತಂದಿದ್ದ ಇಎಮ್‌ಐ ಕೂಡ 2012ರ ಸೆಪ್ಟೆಂಬರಿನಲ್ಲಿ ಯೂನಿವರ್ಸಲ್ ಪಾಲಾಯಿತು. ಹಳೆಯ ಅಂಗಡಿ ಮುಚ್ಚಿ ಹೊಸ ಅಂಗಡಿ ತೆರೆಯುವ ನಡುವಿನ ಆ ಸಂದಿಯಲ್ಲಿ ಬಿದ್ದ ಒಳ್ಳೆಯ ಆಲ್ಬಮ್ಮುಗಳು ಇದೊಂದೇ ಅಲ್ಲ.

ಇನ್ನೊಂದು ಕಾರಣ ನಮ್ಮದು. ಕನ್ನಡಿಗರು ಅದನ್ನು ತಮ್ಮದೆಂದು ಎತ್ತಿಕೊಳ್ಳಲಿಲ್ಲ, ಹೆಚ್ಚಿನ ಹಾಡು ಹಿಂದಿಯವು ಎಂದು. ಹಿಂದಿಯವರೂ ಎತ್ತಿಕೊಳ್ಳಲಿಲ್ಲ, ದಕ್ಷಿಣದ ಬ್ಯಾಂಡು ಎಂದು. ಎರಡು ಮನೆಯ ನೆಂಟ ಉಪವಾಸ ಬಿದ್ದ ಹಾಗಾಯಿತು.

ಆದರೆ ಶೀರ್ಷಿಕೆಯ ಹಾಡನ್ನೇ ತೆಗೆದುಕೊಳ್ಳಿ. 'ಟೋಪಿವಾಲೆ' ಎಂದರೆ ಟೋಪಿ ಇಟ್ಟವರು, ನಮಗೆ ಟೋಪಿ ಹಾಕುವವರು. ಹಾಡಿನ ಗುರಿ ರಾಜಕಾರಣಿಗಳು. ಟೋಪಿ ಹಾಕುವ ನುಡಿಗಟ್ಟು ಹಿಂದಿಯಲ್ಲಿದೆ, ಕನ್ನಡದಲ್ಲಿದೆ, ನಮ್ಮ ಬೀದಿಯ ಗಾಡಿಯವನ ದಖನಿಯಲ್ಲೂ ಇದೆ. ಹಾಗಾಗಿ ಅದು ಹಿಂದಿ ಹಾಡು ಎನ್ನುವಾಗಲೂ ಅದರ ನೆತ್ತಿಯ ಮೇಲೆ ಇರುವುದು ನನ್ನ ಅವ್ವನ ಬಾಯಿಯ ಮಾತು. ಆ ಹಾಡು ಬಂದ ಕಾಲವನ್ನೂ ನೆನಪಿಗೆ ತಂದುಕೊಳ್ಳಬೇಕು. 2011ರಲ್ಲಿ ಅಣ್ಣಾ ಹಜಾರೆಯವರ ಉಪವಾಸ ನಡೆದಾಗ ಬಿಳಿ ಟೋಪಿಯ ಮೇಲೆ ನಾನೂ ಅಣ್ಣಾ ಎಂದು ಬರೆಸಿಕೊಂಡು ಊರೂರಲ್ಲಿ ಹುಡುಗರು ತಿರುಗಿದರು. ಅದೇ ವರ್ಷದ ಜುಲೈನಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಗಣಿ ವರದಿ ಬಂದು ಕರ್ನಾಟಕದ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. 2012ರ ನವೆಂಬರಿನಲ್ಲಿ ಟೋಪಿಯನ್ನೇ ಲಾಂಛನದಂತೆ ಧರಿಸಿದ ಹೊಸ ಪಕ್ಷವೊಂದು ಹುಟ್ಟಿತು. ಟೋಪಿ ಎಂಬ ಒಂದೇ ವಸ್ತು ಒಂದೇ ಹೊತ್ತಿನಲ್ಲಿ ಪ್ರಾಮಾಣಿಕತೆಯ ಗುರುತೂ ಮೋಸದ ಗುರುತೂ ಆಗಿ ನಿಂತಿದ್ದ ವರ್ಷ ಅದು. ಆ ಗಳಿಗೆಯಲ್ಲಿ ಆ ಒಂದು ಪದವನ್ನು ಎತ್ತಿ ಹಾಡಿನ ತಲೆಯ ಮೇಲಿಡುವುದಕ್ಕೆ ಸೂಕ್ಷ್ಮ ಕಿವಿ ಬೇಕು. ಗಿರಣಿಯ ಸದ್ದಿನಲ್ಲಿ ಪದ ಕೇಳಿಸಿಕೊಂಡ ಷರೀಫರ ಕಿವಿಗೆ ಇದು ಹತ್ತಿರದ ಸಂಬಂಧಿ.

'ಆಜ್ ಕೀ ತಾಜಾ ಫಿಕರ್' ಎಂಬ ಹೆಸರನ್ನೂ ಹೀಗೇ ಕೇಳಬೇಕು. ಪೇಪರಿನ ಹುಡುಗ ಕೂಗುವ 'ತಾಜಾ ಖಬರ್' ಎಂಬಲ್ಲಿ ಒಂದೇ ಪದ ಬದಲಾಗಿ ಸುದ್ದಿ ಚಿಂತೆಯಾಗಿದೆ. 'ಫಿಕರ್' ನಮ್ಮ ಕಲಬುರಗಿ, ಬೀದರ್, ರಾಯಚೂರಿನ ಕನ್ನಡಕ್ಕೆ ಪರಕೀಯ ಮಾತೇನಲ್ಲ. "ಫಿಕರ್ ಮಾಡಬ್ಯಾಡ" ಎಂದು ಅಜ್ಜ ಹೇಳದ ದಿನವಿರಲಿಲ್ಲ.

ಆಲ್ಬಮ್ಮಿನಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು 'ಘುಮ್' ಹಾಡಿನಲ್ಲಿ. ಅದು ಮಕ್ಕಳ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯದ ಬಗ್ಗೆ ಇರುವ ಹಾಡು. ಆ ವಿಷಯ ನಮ್ಮ ಮನೆಗಳಲ್ಲಿ ಬಾಯಿ ಬಿಟ್ಟು ಆಡುವಂಥದ್ದಲ್ಲ. 2012ರ ಮೇ ತಿಂಗಳಲ್ಲಿ ಆಮಿರ್ ಖಾನ್ ಟೀವಿಯಲ್ಲಿ ಅದನ್ನು ಎತ್ತಿದಾಗ ದೇಶವೇ ಬೆಚ್ಚಿತು. ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು ಅದೇ ವರ್ಷದ ನವೆಂಬರ್ 14ರಂದು. ಅಂದರೆ ಈ ಹಾಡು ಬರೆಯುವಾಗ ಆ ಅಪರಾಧಕ್ಕೆ ತಕ್ಕ ಕಾನೂನು ಕೂಡ ದೇಶದಲ್ಲಿ ಸರಿಯಾಗಿ ಇರಲಿಲ್ಲ. ಜನಪದ ರಾಕ್ ಎಂದರೆ ಕೈ ಮೇಲೆತ್ತಿ ಕುಣಿಯುವುದು ಎಂದು ನಂಬಿದ ಕೇಳುಗರ ಮುಂದೆ, ಕುದುರೆ ಕಟ್ಟಿಕೊಂಡು ನಗಿಸುವ ತಂಡವೊಂದು ಇಂಥ ಹಾಡು ಇಡುವುದು ಸಣ್ಣ ಧೈರ್ಯವಲ್ಲ. ನಮ್ಮ ಗುಂಪಿನಲ್ಲಿ ಇದು ಮುಗಿದಾಗ ಸ್ವಲ್ಪ ಹೊತ್ತು ಯಾರೂ ಮುಂದಿನ ಹಾಡು ಹಚ್ಚಲಿಲ್ಲ. ಒಬ್ಬಳು ಗೆಳತಿ ಎದ್ದು ಹೋಗಿ ಒಳಗೆ ಮಲಗಿದ್ದ ಮಗಳ ಹೊದಿಕೆ ಸರಿಮಾಡಿ ಬಂದು ಕೂತಳು. ಆಲ್ಬಮ್ಮಿನ ಬಗ್ಗೆ ನಮ್ಮ ಅಭಿಪ್ರಾಯ ಬದಲಾದದ್ದು ಅಲ್ಲಿಂದ.

ಸಂಗೀತದ ಕೆಲಸವನ್ನೂ ಹೇಳಬೇಕು. ಸ್ವರಾತ್ಮದಲ್ಲಿ ಎರಡು ತಾಳವಾದ್ಯದ ಕೈಗಳಿದ್ದವು, ಡ್ರಮ್ಸಿನ ಪಕ್ಕದಲ್ಲಿ ಪವನ್ ಕುಮಾರರ ದೇಸಿ ವಾದ್ಯಗಳು. ಡ್ರಮ್ಸು ಲೆಕ್ಕದ ಗೆರೆ ಎಳೆದರೆ ಇವರು ಆ ಗೆರೆಯ ಒಳಗೆ ಹೆಜ್ಜೆ ಹಾಕುತ್ತಾರೆ. ಪಿಟೀಲು ಹಾಡುಗಾರನ ನೆರಳಾಗಿ ನಡೆಯುವುದು ನಮ್ಮ ಕಛೇರಿಯ ರೂಢಿ. ಇಲ್ಲಿ ಅದು ಗಿಟಾರಿನ ಎದುರು ನಿಂತು ಮಾತಿಗೆ ಮಾತು ಕೊಡುತ್ತದೆ. ವಾಸು ಅವರ ಕಂಠ ಅಶ್ವತ್ಥರ ಹಾಗೆ ಮೇಲೇರಿ ಆಕಾಶ ಮುಟ್ಟುವಂಥದ್ದಲ್ಲ. ಸ್ವಲ್ಪ ಒರಟು, ಮಾತಿಗೆ ಹತ್ತಿರದ್ದು, ಬೀದಿ ನಾಟಕದವನದು. ಮೊದಲು ಇದನ್ನು ಕೊರತೆ ಎಂದುಕೊಂಡಿದ್ದೆ. ಇಂಥ ಹಾಡಿಗೆ ಇಂಥ ಕಂಠವೇ ಬೇಕು ಎಂದು ಈಗ ಅನ್ನಿಸುತ್ತದೆ. ಮೈಸೂರಿನಲ್ಲಿ ಇದಕ್ಕೊಂದು ಹಿನ್ನೆಲೆಯೂ ಇದೆ. ಬಿ.ವಿ. ಕಾರಂತರು 1989ರಲ್ಲಿ ಶುರುವಾದ ರಂಗಾಯಣದ ಮೊದಲ ನಿರ್ದೇಶಕರು. ಅವರು ಜಡಭರತರ 'ಸತ್ತವರ ನೆರಳು' ಮಾಡಿದಾಗ ಪುರಂದರದಾಸರ ಪದಗಳನ್ನು ಮಠದ ರಾಜಕೀಯವನ್ನು ಬಯಲಿಗೆಳೆಯಲು ಬಳಸಿದ್ದರು. ಹಾಡಿನ ಒಡಲಲ್ಲೇ ವಿಡಂಬನೆ ಇಡುವ ಈ ವಿದ್ಯೆ ಆ ಊರಿನ ಗಾಳಿಯಲ್ಲಿತ್ತು. ಸ್ವರಾತ್ಮವನ್ನು ನಾವು ರಾಕ್ ಪುಟದಲ್ಲಿ ಇಟ್ಟೆವು, ರಂಗಗೀತೆಯ ಪುಟದಲ್ಲಿಯೂ ಅದಕ್ಕೆ ಒಂದು ಸಾಲು ಸಲ್ಲಬೇಕು.

ಇನ್ನು ಭಾಷೆಯ ತಕರಾರು. ಇದನ್ನು ನಾನು ಹಗುರಾಗಿ ದಾಟಿಸುವುದಿಲ್ಲ. ಕೇರಳದ ಅವಿಯಲ್ ಬ್ಯಾಂಡು 2008ರಲ್ಲಿ ತನ್ನ ಆಲ್ಬಮ್ಮನ್ನು ಪೂರ್ತಿ ಮಲಯಾಳದಲ್ಲಿ ತಂದಿತು. ಭಾಷೆ ಬಾರದ ಹುಡುಗರೂ ದೇಶದ ತುಂಬ ಅದಕ್ಕೆ ತಲೆದೂಗಿದರು. ಹಾಗಿರುವಾಗ ಮೈಸೂರಿನವರು ಹಿಂದಿಗೆ ಏಕೆ ಹೋಗಬೇಕು? 'ಈ ಭೂಮಿ' ಬರೆದ ಕೈಗೆ ಕನ್ನಡದಲ್ಲಿ ಹತ್ತು ಹಾಡು ಕಟ್ಟುವುದು ಆಗದ ಕೆಲಸವೇ? ಮುಂಬಯಿಯ ಮಾರುಕಟ್ಟೆ, ದೊಡ್ಡ ಲೇಬಲ್ಲು, ದೇಶದ ಕಾಲೇಜು ಹಬ್ಬಗಳು, ಇವುಗಳ ಎಳೆತ ಇದ್ದೇ ಇತ್ತು. ಅದನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ.

ಆದರೆ ಹೈದರಾಬಾದಿನಿಂದ ನೋಡಿದರೆ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ಕನ್ನಡದ ನೆಲದಲ್ಲಿ ಹಿಂದುಸ್ತಾನಿ ಬಗೆಯ ಮಾತಿನಲ್ಲಿ ಹಾಡು ಕಟ್ಟುವುದು ಬಾಲಿವುಡ್ಡಿನಿಂದ ಕಲಿತದ್ದಲ್ಲ. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ 1580ರಿಂದ 1627ರವರೆಗೆ ಆಳಿದವನು. ಅವನು 'ಕಿತಾಬೆ ನೌರಸ್' ಕಟ್ಟಿದ್ದು ದಖನಿಯಲ್ಲಿ. ರಾಗಗಳಿಗೆ ಹೊಂದಿಸಿದ ಆ ಹಾಡುಗಳಲ್ಲಿ ಸರಸ್ವತಿ, ಗಣಪತಿ, ಕಲಬುರಗಿಯ ಬಂದೇ ನವಾಜರು ಒಟ್ಟಿಗೇ ಬರುತ್ತಾರೆ. ಯೇಸು, ಅಲ್ಲಾ, ಕೃಷ್ಣರನ್ನು ಒಂದು ಹಾಡಿನಲ್ಲಿ ಕೂರಿಸಿದ್ದನ್ನು ಹೊಸ ಕಾಲದ ಘೋಷಣೆ ಎಂದುಕೊಂಡವರು ಇದನ್ನು ನೆನೆಯಬೇಕು. ನಾನೂರು ವರ್ಷಗಳ ಹಿಂದೆ ನಮ್ಮದೇ ನೆಲದ ರಾಜ ಅದನ್ನು ಮಾಡಿದ್ದ. ಬೀದರ್ ಜಿಲ್ಲೆಯ ಚಿಟಗುಪ್ಪದಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬಾಳಿದ ಸುಲೈಮಾನ್ ಖತೀಬ್ ಅವರ 'ಕೇವಡೇ ಕಾ ಬನ್' ಇದೇ ದಾರಿಯದು. ಹಳ್ಳಿಯ ಹೆಂಗಸರ ದಖನಿಯಲ್ಲಿ, ಕನ್ನಡ, ತೆಲುಗು ಪದಗಳು ಧಾರಾಳವಾಗಿ ಬೆರೆತ ಮಾತಿನಲ್ಲಿ, ನಗಿಸುತ್ತಲೇ ಅಳಿಸುವ ಕವಿತೆಗಳು. 1956ರವರೆಗೆ ಬೀದರ್, ಗುಲಬರ್ಗಾ, ರಾಯಚೂರು ಈ ಹೈದರಾಬಾದ್ ಸಂಸ್ಥಾನದ, ರಾಜ್ಯದ ಜಿಲ್ಲೆಗಳಾಗಿದ್ದವು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ, ಉಸ್ಮಾನಿಯಾದ ಕನ್ನಡ ವಿಭಾಗ ಇವೆಲ್ಲ ಆ ಸಹವಾಸದ ಕುರುಹುಗಳು. ಇಲ್ಲಿ ಕನ್ನಡದವರಾಗಿರುವುದೆಂದರೆ ಮೂರು ಭಾಷೆಯ ನಡುವೆ ಒಂದು ಭಾಷೆಯನ್ನು ಮನೆಗೆ ಹೊತ್ತು ತರುವುದು. ಅಂಥವರಿಗೆ 'ಟೋಪಿವಾಲೆ' ಭಾಷೆ ಬಿಟ್ಟುಕೊಟ್ಟವರ ಆಲ್ಬಮ್ ಎಂದು ಕೇಳಿಸುವುದಿಲ್ಲ.

ನನ್ನ ತಕರಾರು ಬೇರೆ. ಸ್ವರಾತ್ಮ ಹಿಂದಿಗೆ ಹೋದದ್ದಕ್ಕಿಂತ, ದಖನಿಯವರೆಗೆ ಬಂದು ಒಳಗೆ ಹೆಜ್ಜೆ ಇಡದೆ ಹೊಸ್ತಿಲಲ್ಲೇ ನಿಂತದ್ದು ನನಗೆ ನೋವು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ದಿನವೂ ಕೇಳುವ ಮಾತದು. 'ನಕ್ಕೊ', 'ಹೌ', 'ಲೋಗಾಂ' ಎಂಬ ಆ ಮಾತಿನ ನಡೆ ಟೋಪಿ ಹಾಕುವವರನ್ನು ಬೈಯಲು ಎಷ್ಟು ಚೆನ್ನಾಗಿ ಒದಗುತ್ತಿತ್ತು! ಆಲ್ಬಮ್ಮಿನ ಹಿಂದಿ ಹೆಚ್ಚಿನ ಕಡೆ ಪಠ್ಯಪುಸ್ತಕದ, ದೂರದರ್ಶನದ ಹಿಂದಿ. ಎಲ್ಲರಿಗೂ ಅರ್ಥವಾಗಬೇಕೆಂಬ ಎಚ್ಚರ ಅದರಲ್ಲಿದೆ. ಆ ಎಚ್ಚರದಿಂದಾಗಿ ಕೆಲವು ಹಾಡುಗಳು ಹಾಡುವುದನ್ನು ಬಿಟ್ಟು ತಿಳಿಹೇಳತೊಡಗುತ್ತವೆ. ವಿಷಯ ದೊಡ್ಡದು, ಮಾತು ಸಪ್ಪೆ. ನಿರ್ಮಾಪಕರಾಗಿ ಶಂಕರ್-ಎಹಸಾನ್-ಲಾಯ್ ತ್ರಿವಳಿಯ ಲಾಯ್ ಮೆಂಡೋನ್ಸಾ ಕೂತಿದ್ದರು. ಅವರ ಕೈಯಲ್ಲಿ ಎಲ್ಲ ವಾದ್ಯಗಳೂ ಸ್ವಚ್ಛವಾಗಿ, ತಮ್ಮತಮ್ಮ ಜಾಗದಲ್ಲಿ ಕೇಳುತ್ತವೆ. ಅದು ದೊಡ್ಡ ಗುಣ. ಆದರೆ ವೇದಿಕೆಯ ಮೇಲಿನ ಸ್ವರಾತ್ಮದಲ್ಲಿ ಇದ್ದ ಜಾತ್ರೆಯ ಧೂಳು ಇಲ್ಲಿ ಅಷ್ಟಾಗಿ ಹಾರುವುದಿಲ್ಲ. ಕೀಲುಕುದುರೆಯನ್ನು ತೊಳೆದು, ಒರೆಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟಂತೆ ಕೆಲವು ಕಡೆ ಅನ್ನಿಸುತ್ತದೆ.

ಇಷ್ಟು ಹೇಳಿದ ಮೇಲೂ ಈ ಪಂಥದ ಆಲ್ಬಮ್ಮುಗಳಲ್ಲಿ ಇದನ್ನು ನಾನು ಮೇಲಿನ ಸಾಲಿನಲ್ಲೇ ಇಡುತ್ತೇನೆ. ಮರುವರ್ಷ, 2013ರಲ್ಲಿ, ರಘು ದೀಕ್ಷಿತರ 'ಜಗ್ ಚಂಗಾ' ಬಂತು. ಅದರಲ್ಲಿಯೂ ಜನ ಎತ್ತಿಕೊಂಡದ್ದು ಷರೀಫರ ಪದಗಳನ್ನೇ: ಕೋಡಗ ಕೋಳಿಯದು, ಲೋಕದ ಕಾಳಜಿಯದು. ಚೆನ್ನಾಗಿವೆ, ಬಹಳ ಚೆನ್ನಾಗಿವೆ. ಆದರೆ ಅವು ಹಾಡಲು ಕೂರುವ ಮೊದಲೇ ಗೆದ್ದ ಪದಗಳು, ನೂರೈವತ್ತು ವರ್ಷ ಜನರ ನಾಲಗೆಯ ಮೇಲೆ ಸಾಣೆ ಹಿಡಿದವು. 'ಟೋಪಿವಾಲೆ' ಸೋಲಬಹುದಾದ ಮಾತುಗಳನ್ನು ಕೈಗೆತ್ತಿಕೊಂಡಿತು. ಕೆಲವು ಕಡೆ ಸೋತಿತು. 'ಘುಮ್'ನಲ್ಲಿ, ಶೀರ್ಷಿಕೆಯ ಹಾಡಿನಲ್ಲಿ ಗೆದ್ದಿತು. ಪಂಥವೊಂದು ಮುಂದಕ್ಕೆ ಹೋಗುವುದು ಎರಡನೆಯ ಬಗೆಯ ಕೆಲಸದಿಂದ.

ಆಮೇಲೆ ಆರು ವರ್ಷ ಅವರಿಂದ ಪೂರ್ಣ ಆಲ್ಬಮ್ ಬರಲಿಲ್ಲ. 2018ರಲ್ಲಿ 'ರಾಹೇ ಫಕೀರಾ' ಬಂತು. ಹೆಸರೇ ಹೇಳುವಂತೆ ದಾರಿ ಒಳಗಿನ ಹುಡುಕಾಟದ ಕಡೆ ತಿರುಗಿತ್ತು. ಅದರ ಬಗ್ಗೆ ಇನ್ನೊಮ್ಮೆ ಬರೆಯಬೇಕು. ನನಗೆ ಅಲ್ಲಿಗೆ ಹೋಗುವ ಅವಸರವಿಲ್ಲ, ಎರಡನೆಯ ಆಲ್ಬಮ್ಮಿನ ಸಾಲ ಇನ್ನೂ ತೀರಿಲ್ಲ. ಶುಭಾ ಮುದ್ಗಲ್ ಅವರೊಡನೆ 'ದಿ ದೇವಾರಿಸ್ಟ್ಸ್' ಕಾರ್ಯಕ್ರಮಕ್ಕಾಗಿ 2011ರಲ್ಲಿ ಕಟ್ಟಿದ 'ದೂರ್ ಕಿನಾರಾ' ಮಾತ್ರ ಇದರ ಜೊತೆಗೆ ಕೇಳಿ ಎನ್ನುತ್ತೇನೆ. ಹಿಂದುಸ್ತಾನಿ ಗಾಯಕಿಯ ಪಳಗಿದ ದನಿಯೊಡನೆ ವಾಸು ಅವರ ಒರಟು ದನಿ ಅಳುಕದೆ ನಿಲ್ಲುವುದನ್ನು ಅಲ್ಲಿ ಕೇಳಬಹುದು.

ಹೋದ ತಿಂಗಳ ಕೂಟ ನಮ್ಮ ಮನೆಯಲ್ಲಿತ್ತು. ಶೀರ್ಷಿಕೆಯ ಹಾಡು ಬಂದಾಗ ಅವ್ವ ಅಡುಗೆಮನೆಯಿಂದ ಹೊರಗೆ ಬಂದು, ಕೈ ಸೆರಗಿಗೆ ಒರೆಸಿಕೊಳ್ಳುತ್ತ ನಿಂತಳು. ರಾಕ್ ಗೀಕ್ ಆಕೆಗೆ ಸೇರದು. ಪಲ್ಲವಿ ಎರಡನೆಯ ಸಲ ಬಂದಾಗ ಕೇಳಿದಳು, "ಇವರು ಯಾವೂರಿನ ಹುಡುಗರು?"

"ಮೈಸೂರು" ಎಂದೆ.

"ಮತ್ತ ನಮ್ಮ ಮಾತು ಹೆಂಗ ಗೊತ್ತವರಿಗೆ?" ಎಂದಳು, ಹಾಡು ಮುಗಿಯುವವರೆಗೂ ಅಲ್ಲೇ ನಿಂತಿದ್ದಳು.